ಕಂಬದ ಮೇಲಿನ ಆರು ಜೋಡಿ ಗೆರೆ

ರಾಯದುರ್ಗ
18 ನವೆಂಬರ್ 2025, ಮಂಗಳವಾರ

ಹರಿತಾಳ ಅಪ್ಪನವರಿಗೆ,

ಸೌಮ್ಯ ಮಾಡುವ ನಮಸ್ಕಾರಗಳು. ನನ್ನ ಕೈಬರಹ ನೋಡಿ ಗಾಬರಿಯಾಗಬೇಡಿ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅತ್ತೆಗೆ ಮೊಣಕಾಲು ನೋವು ಇದ್ದದ್ದೇ. ನೀವು ಊಟ ಬಿಟ್ಟರೆ, ಕೆಮ್ಮಿದರೆ ಮಡಕಶಿರಾದಿಂದ ನನ್ನ ತಮ್ಮ ಅಂಜಿ ನನಗೆ ಫೋನಿನಲ್ಲಿ ಹೇಳುತ್ತಿರುತ್ತಾನೆ, ಆದ್ದರಿಂದ ಕ್ಷೇಮವೇ ಎಂದು ಕೇಳುವ ನಾಟಕ ಬೇಡ. ನಾನೇ ಫೋನು ಮಾಡಿದರೆ ನೀವು ಮೂರು ಸಲ ‘ಹ್ಞೂಂ’ ಅಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯ ತನಕ ಓದುತ್ತೀರಿ. ಗಿರಾಕಿಯ ಅಳತೆ ಚೀಟಿಯನ್ನೇ ಎರಡೆರಡು ಸಲ ಓದುತ್ತಿದ್ದವರು ನೀವು.

ಮೊನ್ನೆ ಭಾನುವಾರ ನಾನು ನಮ್ಮ ಮನೆಗೆ ಹೋಗಿ ಬಂದೆ. ಕೋಟೆ ಬೀದಿಯ ಮನೆಗೆ.

ನಾಲ್ಕು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು ಎಂದು ನಿಮಗೆ ಅಂಜಿ ಹೇಳಿರಬೇಕು. ಕೆಡವಲಿಲ್ಲ, ಬಿಚ್ಚಿದರು. ಹಳೆಯ ಮರದ ಮನೆಗಳನ್ನು ಕೂಡಿಡುವವರು ಬಂದು ಕಂಬ, ಬೋದಿಗೆ, ತೊಲೆ, ಜಂತಿ, ತಲಬಾಗಿಲು ಎಲ್ಲಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದು ಎರಡು ಲಾರಿಗೆ ಹೇರಿಕೊಂಡು ಹೋದರು. ಗೋಡೆಯ ಮಣ್ಣು ಮಾತ್ರ ಇಲ್ಲೇ ಉಳಿಯಿತು. ಲಾರಿ ತಿರುವು ದಾಟುವ ತನಕ ಅತ್ತೆ ಬೀದಿಯಲ್ಲೇ ನಿಂತಿದ್ದು, ‘ಹೋಗ್ಲಿ ಬಿಡು, ಆ ಮನಿ ನಮಗೇನು ಒಳ್ಳೇದು ಮಾಡೈತಿ’ ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಈಗ ನಾವಿರುವುದು ಎರಡು ಕೋಣೆಯ ಸಿಮೆಂಟು ಮನೆ.

ನಮ್ಮ ಗಾರ್ಮೆಂಟ್ಸ್‌ನವರು ವರ್ಷಕ್ಕೊಮ್ಮೆ ಹೆಂಗಸರನ್ನೆಲ್ಲ ಬಸ್ಸಿನಲ್ಲಿ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಈ ಸಲ ಮರದ ಮನೆಗಳ ಮ್ಯೂಸಿಯಂ ಅಂದರು. ಬಳ್ಳಾರಿ ದಾಟಿ ಎರಡು ತಾಸಿನ ದಾರಿ. ನಿಮ್ಮ ತಂಗಿ ಸಾಯಿಲಕ್ಷ್ಮಿಯೂ ಬಂದಿದ್ದಳು. ಈಗ ಅವಳೂ ನನ್ನ ಪಕ್ಕದ ಮಿಷನ್ನಿನಲ್ಲಿ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಹಚ್ಚುತ್ತಾಳೆ. ‘ಟಿಕೀಟು ತಗೊಂಡು ಮಂದಿ ಮನಿ ನೋಡಾಕ ಯಾಕ ಹೋಗಬೇಕ್ರಿ, ಬಾಗಿಲು ಬಡದ್ರ ಚಾ ಕೊಟ್ಟು ಒಳಗ ಕರೀತಾರ’ ಎಂದು ಗುಂಡಿ ಹಚ್ಚುವ ಕಾಟಮ್ಮ ದಾರಿಯುದ್ದಕ್ಕೂ ನಗಿಸಿದಳು. ನಾನೂ ನಕ್ಕೆ. ನಮ್ಮ ಮನೆಯನ್ನು ಒಯ್ದವರು ಇವರೇ ಇರಬಹುದು ಎಂದು ತಲೆಗೆ ಹೊಳೆಯಲೇ ಇಲ್ಲ.

ದೊಡ್ಡ ಬಯಲು. ಇಪ್ಪತ್ತು ಇಪ್ಪತ್ತೈದು ಮನೆಗಳನ್ನು ಎಲ್ಲೆಲ್ಲಿಂದಲೋ ತಂದು ಜೋಡಿಸಿದ್ದಾರೆ. ದೂರದಿಂದ ಊರಿನ ಹಾಗೇ ಕಾಣುತ್ತದೆ, ಹತ್ತಿರ ಹೋದರೆ ಒಂದು ಒಲೆಯೂ ಉರಿಯುವುದಿಲ್ಲ. ನಮ್ಮ ಹೆಂಗಸರು ಬಾಡಿಗೆಗೆ ಮನೆ ಹುಡುಕಲು ಬಂದವರ ಹಾಗೆ ಇದಕ್ಕೆ ಬಚ್ಚಲಿಲ್ಲ, ಇದರಲ್ಲಿ ಗಾಳಿಯಿಲ್ಲ ಎಂದು ಒಂದೊಂದನ್ನೂ ಹೀಗಳೆಯುತ್ತ ನಡೆದರು. ಒಂದು ಮನೆಯ ಉಯ್ಯಾಲೆ ಮಣೆಯಲ್ಲಿ ಕಾಟಮ್ಮ ಕೂತಳು. ಕಾವಲುಗಾರ ಸೀಟಿ ಊದಿದ. ಹೀಗೆ ನಗುತ್ತ ನಗುತ್ತ ಹನ್ನೊಂದನೇ ನಂಬರಿನ ಮನೆಗೆ ಬಂದೆವು.

ತಲಬಾಗಿಲಲ್ಲಿ ಕೆತ್ತಿದ ಮರದ ಜೋಡಿ ಗಿಳಿ ಇತ್ತು. ಬಲಗಡೆಯ ಗಿಳಿಗೆ ಕೊಕ್ಕಿರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಹರಿತಾ ಒಣಕೊಬ್ಬರಿ ಒಡೆಯಲು ಹೋಗಿ ಮುರಿದದ್ದು, ನೀವು ಅವಳನ್ನು ಬೈಯದೆ ಆ ಚೂರನ್ನು ಅಂಟಿಸಲು ಒಂದು ವಾರ ಒದ್ದಾಡಿದ್ದು, ಎಲ್ಲ ಒಮ್ಮೆಲೇ ನುಗ್ಗಿ ಬಂತು. ಸಾಯಿಲಕ್ಷ್ಮಿ ನನ್ನ ರಟ್ಟೆ ಹಿಡಿದು, ‘ವೈನಿ, ನಮ್ಮನಿ ಐತಲ್ಲ’ ಎಂದಳು.

ಬೋರ್ಡಿನಲ್ಲಿ ‘ದರ್ಜಿಯ ಮನೆ, ಬಳ್ಳಾರಿ ಸೀಮೆ’ ಎಂದು ಬರೆದಿದ್ದಾರೆ. ರಾಯದುರ್ಗದ ಹೆಸರೇ ಇಲ್ಲ. ಆಂಧ್ರದಲ್ಲಿರುವ ನಮ್ಮನ್ನು ಕನ್ನಡದ ಬೋರ್ಡಿಗೆ ಹೇಗೆ ಸೇರಿಸುವುದೆಂದು ತಿಳಿಯದೆ ಬಿಟ್ಟಿರಬೇಕು. ಒಳಗೆ ಒಂದು ಹಳೆಯ ಹೊಲಿಗೆ ಮಿಷನ್ನು ತಂದು ದೇವರ ಕೋಣೆಯ ಪಕ್ಕದ ಕತ್ತಲಲ್ಲಿ ಇಟ್ಟಿದ್ದಾರೆ. ನನಗೆ ಆ ಹೊತ್ತಿನಲ್ಲೂ ಕೋಪ ಬಂತು. ಬೆಳಕಿಂಡಿಯ ಕೆಳಗೆ ಅಷ್ಟು ಒಳ್ಳೆಯ ಬೆಳಕು ಬೀಳುವಾಗ ಕತ್ತಲಲ್ಲಿ ಕೂತು ಸೂಜಿ ಪೋಣಿಸುವ ಟೈಲರು ಯಾವ ಸೀಮೆಯಲ್ಲಿದ್ದಾನೆ? ಬೆಳಕು ಬೀಳುವುದು ನೀವು ಕೂರುತ್ತಿದ್ದ ಜಾಗ, ಅಲ್ಲೀಗ ಹಗ್ಗ ಕಟ್ಟಿದ್ದಾರೆ.

ಆ ಬೆಳಕಿನ ಪಕ್ಕದಲ್ಲೇ ಕಂಬ. ನೀವು ನನ್ನ ತವರು ಮಡಕಶಿರಾಕ್ಕೆ ಹೋದ ಮೇಲೆ ಅತ್ತೆ ಅದಕ್ಕೆ ನೀಲಿ ಪೇಂಟು ಹೊಡೆಸಿದ್ದರು. ಮ್ಯೂಸಿಯಂನವರು ಪೇಂಟು ಕೆರೆದು ತೆಗೆದು ಎಣ್ಣೆ ಹಚ್ಚಿದ್ದಾರೆ. ಗೆರೆಗಳು ಎದ್ದು ಕಾಣುತ್ತಿದ್ದವು. ಮನೆ ತೋರಿಸಲು ಬಂದ ದುರ್ಗಾ ಎಂಬ ಹುಡುಗಿ, ಇವು ಹಿಂದಿನ ಕಾಲದಲ್ಲಿ ಥಾನಿನ ಬಟ್ಟೆ ಅಳೆಯಲು ದರ್ಜಿಗಳು ಮಾಡಿಕೊಂಡ ಗುರುತು, ಅದಕ್ಕೇ ಎರಡೆರಡು ಜೋಡಿಯಾಗಿವೆ ಎಂದು ವಿವರಿಸಿದಳು. ಅವಳ ತಪ್ಪಲ್ಲ. ಉಳಿದ ಮನೆಗಳಲ್ಲಿ ಮಕ್ಕಳ ಎತ್ತರ ಬರೆಯುವಾಗ ತಲೆಯ ಮೇಲೆ ಒಂದು ಗೆರೆ ಎಳೆಯುತ್ತಾರೆ. ಮಗಳ ಭುಜಕ್ಕೊಂದು, ಮೊಣಕಾಲಿಗೊಂದು ಗೆರೆ ಎಳೆದು, ನಡುವಿನ ಜಾಗವನ್ನು ಫ್ರಾಕು ಎಂದುಕೊಳ್ಳುವ ಅಪ್ಪ ನೀವೊಬ್ಬರೇ.

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ, ದಸರಾ ಹೊಲಿಗೆಯ ಗದ್ದಲ ಶುರುವಾಗುವ ಮುಂಚೆ, ಮೊದಲ ಅಳತೆ ಅವಳದು. ಅವಳನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ಉಸಿರು ಬಿಗಿಹಿಡಿಯಬೇಡ ಎಂದು ಕಚಗುಳಿ ಇಟ್ಟು, ಕತ್ತರಿಯ ತುದಿಯಿಂದ ಎರಡು ಗೆರೆ ಕೆತ್ತಿ ಪಕ್ಕದಲ್ಲಿ ತಾರೀಖು ಹಾಕುತ್ತಿದ್ದಿರಿ. ಪ್ರತಿ ವರ್ಷ ನಮ್ಮಿಬ್ಬರಿಗೂ ಅದೇ ಜಗಳ. ಬೆಳೆಯುವ ಹುಡುಗಿ, ಎರಡು ಬೆರಳು ಹೆಚ್ಚಿಗೆ ಬಿಟ್ಟು ಒಳಗೆ ಮಡಿಕೆ ಹಾಕಿ, ಮುಂದಿನ ವರ್ಷಕ್ಕೂ ಬರುತ್ತದೆ ಎಂದು ನಾನು. ‘ಮುಂದಿನ ವರ್ಷದ ಹುಡುಗಿಗೆ ಮುಂದಿನ ವರ್ಷ ಹೊಲೀತೀನಿ, ಇವತ್ತು ನನ್ನ ಮುಂದ ನಿಂತಾಕಿಗೆ ಇವತ್ತಿನ ಫ್ರಾಕು’ ಎಂದು ನೀವು. ಏಳು ವರ್ಷದಲ್ಲಿ ಅವಳ ಯಾವ ಬಟ್ಟೆಗೂ ನೀವು ಒಂದು ದಾರದಷ್ಟು ಹೆಚ್ಚಿಗೆ ಬಿಡಲಿಲ್ಲ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಒಂಬತ್ತು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದು.

ಆ ವರ್ಷ ಅಮಾವಾಸ್ಯೆಗೆ ನಾನು ಮನೆಯಲ್ಲಿರಲಿಲ್ಲ. ತವರಿನಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಕೈ ಸಾಲದು ಎಂದು ಅಂಜಿ ಕರೆದಿದ್ದ. ನಾಲ್ಕನೇ ದಿನ ವಾಪಸು ಬಂದೆ. ಬರುವಾಗ ಮಡಕಶಿರಾ ಸಂತೆಯಲ್ಲಿ ಹಸಿರು ಸ್ಯಾಟಿನ್ ಬಟ್ಟೆ ಕೊಂಡಿದ್ದೆ. ಈ ಸಲ ನಿಮಗೂ ಹೇಳದೆ, ಅವಳಿಗೂ ಹೇಳದೆ, ನಾನೇ ಒಂದು ಫ್ರಾಕು ಹೊಲಿಯಬೇಕು, ಮಡಿಕೆ ಬಿಟ್ಟೇ ಹೊಲಿಯಬೇಕು ಎಂದು ಹಟ. ಮರುದಿನ ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ಅವಳಿನ್ನೂ ಮಲಗಿದ್ದಳು. ಟೇಪು ನಿಮ್ಮ ಕೊರಳಲ್ಲೇ ಇರುತ್ತದಲ್ಲ, ನಮ್ಮ ಹಳ್ಳಿ ಕಡೆಯವರ ಹಾಗೆ ದಾರ ಹಿಡಿದೆ. ಭುಜಕ್ಕೊಂದು, ಎದೆಗೊಂದು, ತೋಳಿಗೊಂದು, ಉದ್ದಕ್ಕೊಂದು ಗಂಟು. ಅಷ್ಟರಲ್ಲಿ ಬಚ್ಚಲ ಬಾಗಿಲ ಸದ್ದಾಯಿತು, ದಾರವನ್ನು ಅವಳ ಹಾಸಿಗೆಯಡಿ ತುರುಕಿದೆ.

ಮಲಗಿದವರ ಅಳತೆ ತೆಗೆಯಬಾರದು ಎಂಬ ನಿಮ್ಮ ಮನೆಯ ಕಟ್ಟು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಮದುವೆಯಾಗಿ ಬಂದ ಎರಡನೇ ದಿನವೇ ಅತ್ತೆ ಹೇಳಿದ್ದರು. ಟೈಲರ ಮನೆಯಲ್ಲಿ ಮಲಗಿದ್ದವರಿಗೆ ಅಳತೆ ಹಿಡಿಯುವುದು ಹೆಣಕ್ಕೆ ಮಾತ್ರ. ಗೊತ್ತಿದ್ದೂ ಹಿಡಿದೆ. ಮಡಕಶಿರಾದಲ್ಲಿ ಇಂಥದೆಲ್ಲ ಯಾರು ನೋಡುತ್ತಾರೆ ಎಂಬ ಉಡಾಫೆ ನನಗೆ.

ಅವತ್ತು ಸಂಜೆ ಜ್ವರ ಬಂತು. ಮೂರನೇ ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ ಅವಳು ಹೋದಳು. ರಕ್ತದಲ್ಲಿ ಕಣಗಳು ಇಳಿದಿವೆ, ಈ ಸೀಸನ್ನಿನಲ್ಲಿ ಬಹಳ ಮಕ್ಕಳಿಗೆ ಹೀಗೇ ಆಗುತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಮನೆಯಲ್ಲಿ ಅದನ್ನು ಕೇಳುವ ಕಿವಿ ಯಾರಿಗಿತ್ತು? ಬೆಳಗ್ಗೆ ಅವಳನ್ನು ತಂದು ಮಲಗಿಸಲು ಅತ್ತೆ ಹಾಸಿಗೆ ಕೊಡವಿದಾಗ ದಾರ ಕೆಳಗೆ ಬಿತ್ತು. ನಾಲ್ಕು ಗಂಟಿನ ದಾರ ಏನೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ‘ಮಲಗಿದ್ದ ಕೂಸಿನ ಅಳತಿ ಯಾರು ತಗಂಡ್ರಿ?’ ಎಂದು ಅತ್ತೆ ಚೀರಿದರು. ಅವರು ನನ್ನ ಕಡೆ ತಿರುಗುವ ಮೊದಲೇ ನೀವು ದಾರ ಎತ್ತಿಕೊಂಡು ಅಂದಿರಿ, ‘ನಾನೇ ಅವ್ವ.’

ನಾನು ತುಟಿ ಬಿಚ್ಚಲಿಲ್ಲ. ಅವತ್ತು ದುಃಖದಲ್ಲಿ ಬಾಯಿ ಬರಲಿಲ್ಲ ಎಂದೇ ಇಟ್ಟುಕೊಳ್ಳಿ. ಮೂರನೇ ದಿನ? ಹನ್ನೊಂದನೇ ದಿನ? ‘ನನ್ನ ಕಣ್ಣಿಗೆ ಬೀಳಬ್ಯಾಡ’ ಎಂದು ಅತ್ತೆ ನಿಮ್ಮ ತಟ್ಟೆಯನ್ನು ಹೊರಗೆ ಇಟ್ಟಾಗ? ಮಗುವಿನ ಅಳತೆ ಕೊಡಲು ಬೀದಿಯವರು ನಿಮ್ಮ ಬಾಗಿಲು ದಾಟಿ ಮುಂದಿನ ಅಂಗಡಿಗೆ ಹೋಗುವಾಗ? ಮೂರು ತಿಂಗಳು ನೀವು ಬೆಳಕಿಂಡಿಯ ಕೆಳಗೆ ಖಾಲಿ ಮಿಷನ್ನಿನ ಮುಂದೆ ಕೂತಿರಿ. ಆಮೇಲೆ ಅಂಜಿಯ ಬೆನ್ನು ಹಿಡಿದು ನನ್ನ ಊರಿಗೆ ಹೊರಟಿರಿ. ಬಾ ಎಂದು ನೀವು ಕರೆಯಲಿಲ್ಲ, ಬರುತ್ತೇನೆ ಎಂದು ನಾನು ಹೇಳಲಿಲ್ಲ. ಬಂದಿದ್ದರೆ ದಿನಾ ನಿಮ್ಮ ಮುಖ ನೋಡಬೇಕಾಗುತ್ತಿತ್ತು. ನಾನು ನಿಮ್ಮ ಊರಲ್ಲಿ, ನೀವು ನನ್ನ ಊರಲ್ಲಿ. ಇಡೀ ರಾಯದುರ್ಗದಲ್ಲಿ ಮಕ್ಕಳ ಫ್ರಾಕಿಗೆ ನಿಮ್ಮಂಥ ಕೈ ಇರಲಿಲ್ಲ. ಆ ಕೈ ಈಗ ದಬ್ಬಳ ಹಿಡಿದು ಕಡಲೆಕಾಯಿ ಚೀಲದ ಬಾಯಿ ಹೊಲಿಯುತ್ತದೆ. ಅಲ್ಲಿಗೆ ಕಳಿಸಿದವಳು ನಾನು.

ಇಷ್ಟು ವರ್ಷ ಹೇಗೆ ಬದುಕಿದೆ ಎಂದು ಕೇಳಿದರೆ, ನನ್ನ ಹತ್ತಿರ ಒಂದು ಸಮಾಧಾನವಿತ್ತು. ನೀವೂ ಅವಳು ಮಲಗಿದ್ದಾಗ ದಾರ ಹಿಡಿದಿರಬೇಕು. ಟೇಪು ಕಾಣದಿದ್ದರೆ ನನ್ನಿಂದ ಕಲಿತ ಹಾಗೆ ದಾರ ಹಿಡಿಯುತ್ತಿದ್ದಿರಲ್ಲ. ಸ್ಕೂಲ್ ಯೂನಿಫಾರ್ಮಿನ ಆರ್ಡರಿನಲ್ಲಿ ಆ ವರ್ಷ ಅವಳನ್ನು ಕಂಬಕ್ಕೆ ನಿಲ್ಲಿಸಲು ಪುರುಸೊತ್ತಾಗಿರಲಿಕ್ಕಿಲ್ಲ. ಬಿದ್ದ ದಾರ ನಿಮ್ಮದೇ ಎಂದುಕೊಂಡು ಒಪ್ಪಿಕೊಂಡಿರಬೇಕು. ಹಾಗಿದ್ದರೆ ತಪ್ಪು ಇಬ್ಬರದೂ, ಶಿಕ್ಷೆ ಒಬ್ಬರಿಗೆ ಬಂತು, ಅಷ್ಟೆ. ಈ ಲೆಕ್ಕಾಚಾರದ ಮೇಲೆ ಒಂಬತ್ತು ವರ್ಷ ಉಂಡೆ, ಮಲಗಿದೆ, ಪ್ಯಾಂಟು ಹೊಲಿದೆ.

ಕಂಬದ ಮೇಲೆ ಆರು ಜೋಡಿ ಗೆರೆ ಇವೆ. ನಾನು ಐದು ಎಂದುಕೊಂಡಿದ್ದೆ. ಆರನೆಯದರ ಪಕ್ಕ ನಿಮ್ಮ ಅಂಕಿ, 30-9-16. ಅಮಾವಾಸ್ಯೆಯ ದಿನ, ಕಂಬಕ್ಕೆ ಒರಗಿಸಿ, ನಿಲ್ಲಿಸಿಯೇ ತೆಗೆದ ಅಳತೆ. ನಿಮಗೆ ಮತ್ತೆ ಅವಳನ್ನು ಅಳೆಯುವ ಕೆಲಸವೇ ಇರಲಿಲ್ಲ.

ಆ ಗೆರೆಯ ಪಕ್ಕದಲ್ಲಿ ಕಂಬ ಉದ್ದಕ್ಕೆ ಸೀಳಿರುವುದು ನಿಮಗೆ ನೆನಪಿದೆ. ಸೀಳಿನ ಒಂದು ಕಡೆ ಮೇಣ ತುಂಬಿತ್ತು. ಬಡಗಿಗಳು ತುಂಬಿದ್ದೆಂದು ಮ್ಯೂಸಿಯಂನವರು ಬಿಟ್ಟಿದ್ದಾರೆ. ಹೊಲಿಗೆಯ ದಾರಕ್ಕೆ ಸವರುವ ಮೇಣದ ಬಣ್ಣ ನನಗೆ ಗೊತ್ತಾಗದೆ ಇರುತ್ತದೆಯೇ? ಹಗ್ಗ ದಾಟಿ ಹೋಗಿ ರವಿಕೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಎಬ್ಬಿದೆ. ದುರ್ಗಾ ‘ಮುಟ್ಟಬಾರದು ಮೇಡಂ’ ಎಂದು ಓಡಿ ಬಂದಳು. ಅಷ್ಟರಲ್ಲಿ ದಾರ ಹೊರಗೆ ಬಂದಿತ್ತು. ನಾಲ್ಕು ಗಂಟು. ಎಸೆಯದೆ, ಯಾರ ಕಣ್ಣಿಗೂ ಬೀಳದ ಹಾಗೆ, ಅವಳ ಅಳತೆಯ ಪಕ್ಕದಲ್ಲೇ ಮುಚ್ಚಿಟ್ಟು ಹೋಗಿದ್ದೀರಿ. ಅದು ಯಾರ ದಾರವೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ‘ನಾನೇ’ ಅಂದಿರಿ. ಇದು ನನಗೆ ತಿಳಿದದ್ದು ಮೊನ್ನೆ ಭಾನುವಾರ, ಆ ಕಂಬದ ಬುಡದಲ್ಲಿ.

ಸಾಯಿಲಕ್ಷ್ಮಿ ದಾರ ನೋಡಿ, ‘ನಮ್ಮಣ್ಣ ಮಾಡಿದ ಪಾಪ ಇನ್ನೂ ಇಲ್ಲೇ ಐತಿ ನೋಡ್ರಿ’ ಎಂದಳು. ಆಗ ನನ್ನ ಬಾಯಿ ಬಂತು. ನಿಮ್ಮಣ್ಣನದಲ್ಲ, ನನ್ನದು ಎಂದೆ. ಎಲ್ಲರ ಎದುರಿಗೇ ಹೇಳಿದೆ. ಕಾಟಮ್ಮನ ನಗು ನಿಂತುಹೋಯಿತು. ಸಾಯಿಲಕ್ಷ್ಮಿ ಕೈ ಎತ್ತಿದಳು, ಹೊಡೆಯಲಿಲ್ಲ. ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಹೊರಡುವ ಮುಂಚೆ ದುರ್ಗಾ ಒಂದು ಪುಸ್ತಕ ಹಿಡಿದು ಬಂದಳು. ಬೋರ್ಡು ತಪ್ಪಾಗಿದ್ದರೆ ಸರಿ ಮಾಡಿಸುತ್ತೇವೆ, ಏನು ಬರೆಯಲಿ ಎಂದು ಕೇಳಿದಳು. ಮನೆ ರಾಯದುರ್ಗದ್ದು ಎಂದು ಬರೆಸಿದೆ. ಗೆರೆಗಳು ಹರಿತಾ ಎಂಬ ಮಗುವಿನ ಫ್ರಾಕಿನ ಅಳತೆ, ಅವಳ ಅಪ್ಪ ಟೈಲರ್ ಲೋಕನಾಥ್ ಕೆತ್ತಿದ್ದು ಎಂದು ಬರೆಸಿದೆ. ನಿಲ್ಲಿಸಿ ತೆಗೆದ ಅಳತೆ ಎಂದು ತಪ್ಪದೆ ಹಾಕಿ ಅಂದೆ. ಅದು ಯಾಕೆ ಬೇಕು ಎಂದು ಆ ಹುಡುಗಿಗೆ ತಿಳಿಯಲಿಲ್ಲ. ಆದರೂ ಬರೆದುಕೊಂಡಳು.

ಅತ್ತೆಗೆ ಆ ಸಂಜೆಯೇ ಹೇಳಿದೆ. ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಡದೆ ಎಲ್ಲವನ್ನೂ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊರದಿಂದ ಒಂದು ಕಲ್ಲು ಆರಿಸಿ ಎಸೆದು, ‘ಒಂಬತ್ತು ವರ್ಷ ನನ್ನ ಬಾಯಿಲೆ ನನ್ನ ಮಗನ್ನ ಬೈಸಿದೆಲ್ಲವ್ವ’ ಎಂದರು. ಅಷ್ಟೇ. ಎರಡು ದಿನದಿಂದ ನನ್ನ ಕೈಯಲ್ಲಿ ನೀರು ಸಹ ಇಸಿದುಕೊಂಡಿಲ್ಲ. ಇವತ್ತು ಬೆಳಗ್ಗೆ ಮಾತ್ರ ಬಾಗಿಲಿಗೆ ಬಂದು ನಿಂತು, ‘ಅವನಿಗೆ ಬರಾಕ ಹೇಳು. ನಾ ಕರೆದ್ರ ಬರಾಕಿಲ್ಲ. ನೀನ ಬರಿ’ ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಅಳತೆಯಿಂದ ಜೀವ ಹೋಗುವುದಿಲ್ಲ ಎಂದು ನನಗೆ ಈಗ ಗೊತ್ತು. ನನ್ನ ದಾರದಿಂದ ಹರಿತಾ ಹೋಗಲಿಲ್ಲ. ನನ್ನ ಮೌನದಿಂದ ನೀವು ಹೋದಿರಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನಿಮ್ಮ ತಾಯಿಯನ್ನು ನೋಡಲು ಬನ್ನಿ. ಅವರ ಮುಂದೆ, ಬೀದಿಯವರ ಮುಂದೆ ತಲೆಯೆತ್ತಿ ಬನ್ನಿ. ನೀವು ಬರುವ ದಿನ ನಾನು ಮನೆಯಲ್ಲಿರಬೇಕೋ ಬೇಡವೋ ಅಂಜಿಯ ಕೈಲಿ ಹೇಳಿಕಳಿಸಿ. ಬೇಡವೆಂದರೆ ಬೆಳಗಿನ ಮೊದಲ ಬಸ್ಸಿಗೇ ಹೊರಟಿರುತ್ತೇನೆ.

ಹಸಿರು ಸ್ಯಾಟಿನ್ ಬಟ್ಟೆ ಇನ್ನೂ ಟ್ರಂಕಿನಲ್ಲಿದೆ. ಕತ್ತರಿ ಕಂಡಿಲ್ಲ. ಅವಳಿಗೆ ಈಗ ಹದಿನಾರು ತುಂಬಿರುತ್ತಿತ್ತು, ಆ ಬಟ್ಟೆ ರವಿಕೆಗೆ ಸಾಕಾಗುತ್ತಿತ್ತೋ ಏನೋ.

ಇಂತಿ,
ಹರಿತಾಳ ಅಮ್ಮ
ಸೌಮ್ಯ

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ, ಎಷ್ಟು ಸಲೀಸಾಗಿ ಬರೆಯುತ್ತೇನೆ ಎಂದು ನೀವೂ ನೋಡಲೆಂದು. ದಾರ ನನ್ನದೆಂದು ನಿಮಗೆ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಭಾನುವಾರ ಅಲ್ಲ, ಅವಳನ್ನು ಮಣ್ಣು ಮಾಡಿದ ದಿನವೇ. ಮೊನ್ನೆ ಕಂಬದ ಮೇಲೆ ದಾರವನ್ನು ಆರನೇ ಜೋಡಿಗೆ ಹಿಡಿದು ನೋಡಿದೆ. ಉದ್ದದ ಗಂಟು ಮೊಣಕಾಲಿನ ಗೆರೆಗಿಂತ ಎರಡು ಬೆರಳು ಕೆಳಗೆ ಬಂತು. ಮುಂದಿನ ವರ್ಷಕ್ಕೆಂದು ನಾನು ಬಿಟ್ಟುಕೊಂಡ ಮಡಿಕೆ. ಒಂಬತ್ತು ವರ್ಷದ ಹಿಂದೆ ಅವಳನ್ನು ಮಣ್ಣಿಗೆ ಒಯ್ಯುವ ಮುಂಚೆ ನೀವು ಮಿಷನ್ನಿಗೆ ಕೂತು, ದಸರಾಕ್ಕೆ ತಂದಿದ್ದ ಹಳದಿ ಬಟ್ಟೆಯಲ್ಲಿ ಫ್ರಾಕು ಹೊಲಿದುಕೊಟ್ಟಿರಿ. ತೊಡಿಸಿದವಳು ನಾನು. ಎರಡು ಬೆರಳು ಉದ್ದವಿತ್ತು. ನಿಮ್ಮ ಗೆರೆಯ ಅಳತೆ ಬಿಟ್ಟು, ನನ್ನ ದಾರದ ಅಳತೆಗೆ ಕತ್ತರಿಸಿದ್ದಿರಿ. ನಾನು ಆ ಎರಡು ಬೆರಳನ್ನು ಒಳಗೆ ಮಡಚಿ, ಉಗುರಿನಿಂದ ಒತ್ತಿ 
ಕೂರಿಸಿದೆ. ತಲೆಯೆತ್ತಿದಾಗ ನೀವು ನನ್ನನ್ನೇ ನೋಡುತ್ತಿದ್ದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.